ಹದಿಮೂರು ವಾರ, ಆರು ದಿನ

"ಮೂರು ತಿಂಗಳು ತುಂಬ್ಲಿ, ಆಮೇಲೆ ಹೇಳಿದ್ರಾಯ್ತು." ನಂಜನಗೂಡು, ತಿ. ನರಸೀಪುರ ಸೀಮೆಯ ಮನೆಗಳಲ್ಲಿ ಸೊಸೆಗೆ ಮುಟ್ಟು ನಿಂತ ಸುದ್ದಿ ಹೊಸಿಲು ದಾಟದಂತೆ ಹಿರಿಯರು ಆಡುವ ಮಾತಿದು. ಕೆಟ್ಟ ಕಣ್ಣಿನ ಅಂಜಿಕೆ ಇದರಲ್ಲಿದೆ, ಜೊತೆಗೆ ತಲೆಮಾರುಗಳ ಅನುಭವವೂ ಇದೆ. ನಿಲ್ಲದೆ ಹೋಗುವ ಬಸಿರುಗಳಲ್ಲಿ ಹೆಚ್ಚಿನವು ಹೋಗುವುದು ಮೊದಲ ಮೂರು ತಿಂಗಳಲ್ಲೇ. ಹಾಗೆ ಹೋದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮುಗಳ, ಅಂದರೆ ವರ್ಣತಂತುಗಳ, ಲೆಕ್ಕ ತಪ್ಪಿರುವುದೇ ಕಾರಣ ಎಂದು ಇವತ್ತಿನ ವಿಜ್ಞಾನ ಹೇಳುತ್ತದೆ. ಅಜ್ಜಿಯರಿಗೆ ವರ್ಣತಂತು ಗೊತ್ತಿರಲಿಲ್ಲ, ಅವಸರ ಬೇಡ ಎಂಬುದು ಗೊತ್ತಿತ್ತು.

ಆದರೆ ಡೌನ್ ಸಿಂಡ್ರೋಮ್ ಇರಬಹುದೇ ಎಂದು ನೋಡುವ ಮೊದಲ ತಪಾಸಣೆಗೆ ಸಿಗುವ ಅವಧಿ ಹನ್ನೊಂದು ವಾರ ತುಂಬಿದಲ್ಲಿಂದ ಹದಿಮೂರು ವಾರ ಆರು ದಿನದವರೆಗೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಇದು ಮುಗಿಯುವುದು ಮೂರು ತಿಂಗಳು ಕಳೆದು ಇನ್ನೊಂದು ವಾರ ಆಗುವುದರೊಳಗೆ. ಮನೆಯವರು ಬಾಯಿಬಿಟ್ಟು, ಆಶಾ ಕಾರ್ಯಕರ್ತೆಗೆ ತಿಳಿದು, ತಾಯಿ ಕಾರ್ಡ್ ಆಗಿ, ಯಾರಾದರೂ ರಜೆ ಹಾಕಿ ಮೈಸೂರಿಗೆ ಕರೆದೊಯ್ಯುವ ಹೊತ್ತಿಗೆ ಬಸಿರು ನಾಲ್ಕಕ್ಕೆ ಬಿದ್ದಿರುತ್ತದೆ. ತಪಾಸಣೆ ಬೇಕೋ ಬೇಡವೋ ಎಂಬ ಪ್ರಶ್ನೆ ಎಷ್ಟೋ ಜನರ ಪಾಲಿಗೆ ಏಳುವ ಮೊದಲೇ ತೀರಿಹೋಗುತ್ತದೆ. ಬೇಗ ಬಂದವರ ಪಾಲಿಗೆ ಅದು ಪ್ರಶ್ನೆಯಾಗಿ ಬರುವುದೇ ಇಲ್ಲ, ಚೀಟಿಯಲ್ಲಿ ಬರೆದ ಒಂದು ಸಾಲಾಗಿ ಬರುತ್ತದೆ. ಈ ಅಧ್ಯಾಯ ಆ ಸಾಲಿನ ಬಗ್ಗೆ.

ಮೊದಲು ಸಂಗತಿ ಏನೆಂದು ನೋಡೋಣ. ನಮ್ಮ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳು, 23 ಜೋಡಿಗಳಾಗಿ ಇರುತ್ತವೆ. 21ನೆಯದು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್. ಲಕ್ಷಣಗಳನ್ನು ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲೇ ಬರೆದಿಟ್ಟಿದ್ದ. ಕಾರಣ ಸಿಕ್ಕಿದ್ದು 1959ರಲ್ಲಿ, ಪ್ಯಾರಿಸ್‌ನಲ್ಲಿ. ಕೀರ್ತಿ ಬಹುಪಾಲು ಜೆರೋಮ್ ಲೆಜೂನ್‌ಗೆ ಹೋಯಿತು. ಜೀವಕೋಶಗಳನ್ನು ಬೆಳೆಸಿಕೊಟ್ಟ ಮಾರ್ಥ್ ಗೋಟಿಯೆ ಎಂಬ ವೈದ್ಯೆಯ ಪಾಲನ್ನು ಜಗತ್ತು ಒಪ್ಪಿಕೊಳ್ಳಲು ಅರ್ಧ ಶತಮಾನ ಹಿಡಿಯಿತು.

ಆ ಹೆಚ್ಚುವರಿ ತಂತು ಎಲ್ಲಿಂದ ಬರುತ್ತದೆ? ಬಹುಪಾಲು ತಾಯಿಯ ಅಂಡಾಣುವಿನಿಂದ. ಅಂಡಾಣು ತಯಾರಾಗುವಾಗ ಜೋಡಿ ತಂತುಗಳು ಬೇರೆಬೇರೆಯಾಗಬೇಕು, ಒಮ್ಮೊಮ್ಮೆ ಆಗುವುದಿಲ್ಲ. ಅಂಡಾಣು ಹಳೆಯದಾದಷ್ಟೂ ಈ ತಪ್ಪು ಹೆಚ್ಚು. ಇಪ್ಪತ್ತೈದರ ತಾಯಿಗೆ ಡೌನ್ ಮಗು ಹುಟ್ಟುವ ಸಾಧ್ಯತೆ ಸುಮಾರು 1300ಕ್ಕೆ ಒಂದು, ಮೂವತ್ತರಲ್ಲಿ 900ಕ್ಕೆ ಒಂದು, ಮೂವತ್ತೈದರಲ್ಲಿ 350ಕ್ಕೆ ಒಂದು, ನಲವತ್ತರಲ್ಲಿ 100ಕ್ಕೆ ಒಂದು. ಇಷ್ಟು ಕೇಳಿದವರು "ನಮ್ ಹುಡ್ಗಿಗಿನ್ನೂ ಇಪ್ಪತ್ಮೂರು, ನಮಗ್ಯಾಕೆ" ಎಂದುಬಿಡುತ್ತಾರೆ. ನಮ್ಮ ಕಡೆ ಹೆರುವವರಲ್ಲಿ ಬಹುಪಾಲು ಮಂದಿ ಮೂವತ್ತರ ಒಳಗಿನವರು. ಒಬ್ಬೊಬ್ಬರ ಸಾಧ್ಯತೆ ಕಡಿಮೆಯಾದರೂ ತಲೆಗಳು ಹೆಚ್ಚು, ಹಾಗಾಗಿ ಡೌನ್ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಎಳೆವಯಸ್ಸಿನ ತಾಯಂದಿರಿಗೇ.

ಎಳೆ ತಾಯಂದಿರಿಗೆ ಯಾಕೆ ಎಂಬ ಪ್ರಶ್ನೆಯನ್ನು ಮೈಸೂರಿನಲ್ಲೇ ಕೇಳಿದವರಿದ್ದಾರೆ. ಮಾನಸಗಂಗೋತ್ರಿಯ ಎಸ್.ಎಸ್. ಮಾಲಿನಿ ಮತ್ತು ಎನ್.ಬಿ. ರಾಮಚಂದ್ರ 2006ರಲ್ಲಿ ಪ್ರಕಟಿಸಿದ ಅಧ್ಯಯನ ಡೌನ್ ಮಕ್ಕಳ ಅಜ್ಜಿಯ ಕಡೆಗೆ, ತಾಯಿಯ ತಾಯಿಯ ಕಡೆಗೆ, ಬೆರಳು ತೋರಿಸಿತು. ತಾಯಿಯನ್ನು ಹೆತ್ತಾಗ ಅಜ್ಜಿಗೆ ವಯಸ್ಸು ಹೆಚ್ಚಾಗಿದ್ದರೆ ಮೊಮ್ಮಗುವಿಗೆ ಡೌನ್ ಆಗುವ ಸಾಧ್ಯತೆ ಏರುತ್ತದೆ ಎಂಬುದು ಅವರ ವಾದ. ವಿಚಿತ್ರ ಎನಿಸಬಹುದು. ಆದರೆ ಹೆಣ್ಣುಮಗುವಿನ ಅಂಡಾಣುಗಳೆಲ್ಲ ಅದು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಆಗಿರುತ್ತವೆ. ಅಲ್ಲಿ ಶುರುವಾದ ವಿಭಜನೆ ಅರ್ಧಕ್ಕೆ ನಿಂತು, ಮುಂದುವರಿಯುವುದು ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ, ಆ ಅಂಡಾಣುವಿನ ಸರದಿ ಬಂದ ತಿಂಗಳಲ್ಲಿ. ಇವತ್ತು ಬನ್ನೂರಿನ ಬಸುರಿಯೊಬ್ಬಳ ಮಗುವಾಗುತ್ತಿರುವ ಅಂಡಾಣು ಅವಳ ಅಮ್ಮನ ಬಸಿರಿನ ದಿನಗಳನ್ನು ಕಂಡಿದೆ. ಮೈಸೂರಿನ ಈ ಊಹೆಗೆ ಎಲ್ಲೆಡೆ ಬೆಂಬಲ ಸಿಗಲಿಲ್ಲ, ಅಜ್ಜಿಯ ವಯಸ್ಸನ್ನು ವೈದ್ಯರು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಆದರೂ ಪ್ರಶ್ನೆ ಒಳ್ಳೆಯದು.

ಮನೆಗಳಲ್ಲಿ ಹುಡುಕುವ ಕಾರಣಗಳೇ ಬೇರೆ. ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಸೋದರಮಾವನನ್ನೇ ಕಟ್ಟಿಕೊಂಡಳು. ಮೊದಲೆರಡರಲ್ಲಿ ಹುರುಳಿಲ್ಲ. ಮೂರನೆಯದನ್ನು ಸ್ವಲ್ಪ ನಿಂತು ನೋಡಬೇಕು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತ ತಪಾಸಣೆಯ ದೊಡ್ಡ ಕೆಲಸ ನಡೆದಾಗ, ಸರಿಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದೆಂದು ಕಂಡುಬಂತು. ಅಂಥ ಮದುವೆಗಳಲ್ಲಿ ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳ ಸಾಧ್ಯತೆ ಏರುವುದು ನಿಜ. ಅವು ಎರಡೂ ಕಡೆಯಿಂದ ಒಂದೇ ದೋಷದ ವಂಶವಾಹಿ ಬಂದಾಗ ಆಗುವಂಥವು. ಡೌನ್ ಆ ಜಾತಿಯದಲ್ಲ. ಅದು ಎಣಿಕೆಯ ತಪ್ಪು, ಯಾರ ಅಂಡಾಣುವಿನಲ್ಲಾದರೂ ಆಗಬಹುದಾದದ್ದು. ಸೋದರಮಾವನ ಮೇಲೆ ಈ ಒಂದು ಅಪವಾದ ಹೊರಿಸಬೇಕಿಲ್ಲ.

ಈಗ ಚೀಟಿಗೆ ಬರೋಣ. ಒಬ್ಬಾಕೆಯನ್ನು ಊಹಿಸಿಕೊಳ್ಳಿ. ವಯಸ್ಸು ಇಪ್ಪತ್ತಾರು, ಎರಡನೇ ಬಸಿರು, ತಿ. ನರಸೀಪುರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ. ಅಲ್ಲಿ ಅವಳಿಗೆ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್, ಮೂತ್ರ, ಸಕ್ಕರೆ, ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳಾಗುತ್ತವೆ. ಎಲ್ಲ ಬಸುರಿಯರಿಗೂ ಕಡ್ಡಾಯವಾಗಿ ಮಾಡುವ ಪರೀಕ್ಷೆಗಳ ಸಾಲಿನಲ್ಲಿ ಡೌನ್ ತಪಾಸಣೆ ಇಲ್ಲ. ಅದು ಸಿಗುವುದು ಖಾಸಗಿಯವರಲ್ಲಿ, ಇಲ್ಲವೇ ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ. ಖಾಸಗಿ ಡಾಕ್ಟರ ಚೀಟಿಯಲ್ಲಿ "ಎನ್.ಟಿ. ಸ್ಕ್ಯಾನ್, ಡಬಲ್ ಮಾರ್ಕರ್" ಎಂದಿದೆ.

"ಅಕ್ಕ, ಈ ಬ್ಲಡ್ ಟೆಸ್ಟ್ ಮಾಡಿಸ್ಲೇಬೇಕಾ?"

"ಡಾಕ್ಟ್ರು ಬರ್ದವ್ರಲ್ಲ ಕಣವ್ವ, ಮಾಡಿಸ್ಬುಡು. ಮಗು ಚೆನ್ನಾಗೈತಾ ಅಂತ ಗೊತ್ತಾಗ್ಲಿ."

ಆಶಾ ಕಾರ್ಯಕರ್ತೆ ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಮುಖ್ಯವಾದದ್ದೊಂದು ಬಿಟ್ಟುಹೋಗಿದೆ. ತಾಯಿ ಕಾರ್ಡಿನ ಪರೀಕ್ಷೆಗಳ ಹಿಂದೆ ಒಂದು ಮದ್ದು ಕಾದಿದೆ. ರಕ್ತ ಕಡಿಮೆಯಾದರೆ ಕಬ್ಬಿಣದ ಮಾತ್ರೆ, ಸಕ್ಕರೆ ಏರಿದರೆ ಪಥ್ಯ ಅಥವಾ ಇನ್ಸುಲಿನ್. ಡಬಲ್ ಮಾರ್ಕರ್ ಹಿಂದೆ ಮದ್ದಿಲ್ಲ, ಅದರ ಹಿಂದೆ ಇನ್ನೊಂದು ಪರೀಕ್ಷೆ ಇದೆ, ಅದರ ಹಿಂದೆ ಇನ್ನೊಂದು, ಕೊನೆಯಲ್ಲಿ ಬಸಿರನ್ನು ಉಳಿಸಿಕೊಳ್ಳುವುದೇ ಎಂಬ ಪ್ರಶ್ನೆ. ರಕ್ತ ಕೊಡುವ ತೋಳಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಸೂಜಿ ಅದೇ ಸೂಜಿ. ನನಗನ್ನಿಸುವಂತೆ ತಾಲ್ಲೂಕಿನ ಹೆಂಗಸರು ಈ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳುವುದು ಹೇಗೆ ಎಂದು ಕೇಳುವ ಮೊದಲು, ಇದು ನಿರ್ಧಾರ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಬೇಕು.

ಸ್ಕ್ಯಾನಿನಲ್ಲಿ ನೋಡುವುದು ಭ್ರೂಣದ ಕತ್ತಿನ ಹಿಂದೆ ಚರ್ಮದಡಿ ನಿಂತ ನೀರಿನ ದಪ್ಪ. ಇದನ್ನು ಡೌನ್ ಪತ್ತೆಗೆ ಬಳಸಬಹುದೆಂದು 1992ರಲ್ಲಿ ಲಂಡನ್ನಿನ ಕಿಪ್ರೋಸ್ ನಿಕೊಲೈಡ್ಸ್ ತಂಡ ತೋರಿಸಿತು. ಭ್ರೂಣ ನೆತ್ತಿಯಿಂದ ಪೃಷ್ಠದವರೆಗೆ 45ರಿಂದ 84 ಮಿಲಿಮೀಟರ್ ಇರುವಾಗ ಮಾತ್ರ ಈ ಅಳತೆಗೆ ಬೆಲೆ. ಹದಿಮೂರು ವಾರ ಆರು ದಿನ ಎಂಬ ಗಡುವು ಬಂದದ್ದು ಹೀಗೆ. ನೀರಿನ ದಪ್ಪ ಒಂದೆರಡು ಮಿಲಿಮೀಟರು, ಅದರಲ್ಲಿ ಕಾಲರ್ಧ ಮಿಲಿಮೀಟರಿನ ತಪ್ಪೂ ಫಲಿತಾಂಶವನ್ನು ಅಲ್ಲಾಡಿಸುತ್ತದೆ. ಅಳೆಯುವ ಕೈ ಪಳಗಿರಬೇಕು. ಡಬಲ್ ಮಾರ್ಕರಿನಲ್ಲಿ ತಾಯಿಯ ರಕ್ತದ ಎರಡು ವಸ್ತುಗಳನ್ನು, ಪಾಪ್-ಎ ಮತ್ತು ಬೀಟಾ ಎಚ್‌ಸಿಜಿಯನ್ನು, ಅಳೆಯುತ್ತಾರೆ. ಡೌನ್ ಇದ್ದಾಗ ಸಾಮಾನ್ಯವಾಗಿ ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ಇವನ್ನೆಲ್ಲ ತಾಯಿಯ ವಯಸ್ಸು, ತೂಕ, ಬಸಿರಿನ ದಿನಗಳ ಜೊತೆ ಕಂಪ್ಯೂಟರಿಗೆ ಉಣಿಸಿದರೆ 1:250, 1:4000 ಹೀಗೊಂದು ಸಂಖ್ಯೆ ಹೊರಬರುತ್ತದೆ.

ಉಣಿಸಿದ್ದು ಸರಿಯಿದ್ದರೆ ಮಾತ್ರ. ತೂಕವನ್ನು ಅಂದಾಜಿನಲ್ಲಿ ಬರೆದರೆ ಸಂಖ್ಯೆ ಕೆಡುತ್ತದೆ, ಏಕೆಂದರೆ ಮೈ ದೊಡ್ಡದಾದಷ್ಟೂ ಆ ವಸ್ತುಗಳು ರಕ್ತದಲ್ಲಿ ತೆಳುವಾಗುತ್ತವೆ. ವಯಸ್ಸಿನದು ಇನ್ನೊಂದು ಕಥೆ. ನಮ್ಮಲ್ಲಿ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಎಷ್ಟೋ ಸಲ ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ದಯಪಾಲಿಸಿದ ಜನ್ಮದಿನ. ಇಪ್ಪತ್ತಾರರಲ್ಲಿ ಒಂದು ವರ್ಷ ಹಿಂದೆಮುಂದಾದರೆ ಅಂಥ ಹಾನಿಯಿಲ್ಲ, ಮೂವತ್ತಾರರಲ್ಲಿ ಆಗುತ್ತದೆ.

ಈ ಸಂಖ್ಯೆಯನ್ನು ಓದುವುದರಲ್ಲೇ ಬಹಳ ಮಂದಿ ಎಡವುತ್ತಾರೆ, ಓದಿದವರೂ. ಇದು ಜರಡಿ ಹಿಡಿಯುವ ಕೆಲಸ, ಕಲ್ಲು ಆರಿಸುವ ಕೆಲಸವಲ್ಲ. ಜರಡಿಯ ಮೇಲೆ ನಿಂತದ್ದೆಲ್ಲ ಕಲ್ಲಲ್ಲ, ದಪ್ಪ ಕಾಳೂ ನಿಲ್ಲುತ್ತದೆ. ಇಪ್ಪತ್ತೈದರ ಆಸುಪಾಸಿನ ಹತ್ತು ಸಾವಿರ ಬಸುರಿಯರು ಹನ್ನೆರಡನೇ ವಾರದಲ್ಲಿ ಈ ತಪಾಸಣೆಗೆ ಬಂದರೆನ್ನಿ. ಅವರಲ್ಲಿ ಸುಮಾರು ಹತ್ತು ಭ್ರೂಣಗಳಿಗೆ ಡೌನ್ ಇರುತ್ತದೆ. ಸ್ಕ್ಯಾನ್ ಮತ್ತು ರಕ್ತ ಎರಡೂ ಸೇರಿದರೆ ಹತ್ತರಲ್ಲಿ ಒಂಬತ್ತು ಸಿಕ್ಕುತ್ತವೆ, ಒಂದು ತಪ್ಪಿಸಿಕೊಳ್ಳುತ್ತದೆ. ಜೊತೆಗೆ ಡೌನ್ ಇಲ್ಲದವರಲ್ಲೂ ನೂರಕ್ಕೆ ಐದು ಮಂದಿಯಂತೆ ಸುಮಾರು ಐನೂರು ಜನ ಜರಡಿಯ ಮೇಲೆ ನಿಲ್ಲುತ್ತಾರೆ. ಎಳೆವಯಸ್ಸಿನವರಲ್ಲಿ ಈ ಎರಡೂ ಅಂಕಿ ತುಸು ತಗ್ಗುವುದುಂಟು, ಚಿತ್ರ ಬದಲಾಗುವುದಿಲ್ಲ. "ಹೈ ರಿಸ್ಕ್" ಎಂದು ಕೆಂಪಕ್ಷರದ ರಿಪೋರ್ಟ್ ಹಿಡಿದ ಐನೂರ ಒಂಬತ್ತು ಮಂದಿಯಲ್ಲಿ ಐನೂರು ಜನರ ಮಗುವಿಗೆ ಡೌನ್ ಇಲ್ಲ. ಆದರೆ ಆ ಹಾಳೆ ಕೈಗೆ ಬಂದ ರಾತ್ರಿ ಊಟ ಸೇರದಿರುವುದು ಐನೂರ ಒಂಬತ್ತು ಮನೆಗಳಲ್ಲೂ. ಅತ್ತ "ಲೋ ರಿಸ್ಕ್" ಎಂದು ನಿಟ್ಟುಸಿರಿಟ್ಟು ಬಸ್ಸು ಹತ್ತಿದವರಲ್ಲಿ ಒಬ್ಬಾಕೆಯ ಮಗುವಿಗೆ ಡೌನ್ ಇದೆ. ಡಾಕ್ಟರು 1:250 ಎಂದಾಗ ಅಂಜುವ ಮನಸ್ಸು, ಇಂಥದೇ ಇನ್ನೂರೈವತ್ತು ಬಸಿರುಗಳಲ್ಲಿ ಇನ್ನೂರ ನಲವತ್ತೊಂಬತ್ತಕ್ಕೆ ಈ ತೊಂದರೆ ಇರುವುದಿಲ್ಲ ಎಂದರೆ ಸ್ವಲ್ಪ ಹಗುರಾಗುತ್ತದೆ. ಲೆಕ್ಕ ಒಂದೇ. ಎರಡನ್ನೂ ಹೇಳುವುದು ಹೇಳುವವರ ಧರ್ಮ.

ಮೊದಲ ತಪಾಸಣೆಯ ಅವಧಿ ತಪ್ಪಿದವರಿಗೆ ಹದಿನೈದರಿಂದ ಇಪ್ಪತ್ತನೇ ವಾರದ ನಡುವೆ ನಾಲ್ಕು ವಸ್ತುಗಳನ್ನು ನೋಡುವ ಕ್ವಾಡ್ರುಪಲ್ ರಕ್ತಪರೀಕ್ಷೆ ಇದೆ, ಅದು ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ. ಐದನೇ ತಿಂಗಳ ಅನಾಮಲಿ ಸ್ಕ್ಯಾನಿನ ಮೇಲೆ ಮಾತ್ರ ಈ ವಿಷಯದಲ್ಲಿ ಅತಿ ನಂಬಿಕೆ ಇಡಬಾರದು. ಎಲ್ಲ ಸರಿಯಿದೆ ಎಂದು ಅದರಲ್ಲಿ ಬಂದರೂ ಡೌನ್ ಇಲ್ಲ ಎಂದು ಖಾತರಿಯಿಲ್ಲ, ಅದಕ್ಕೆ ಎಷ್ಟೋ ಡೌನ್ ಭ್ರೂಣಗಳು ಸಿಕ್ಕುವುದೇ ಇಲ್ಲ.

ಹೊಸ ಪರೀಕ್ಷೆಯೊಂದು ಈ ಗೊಂದಲವನ್ನೆಲ್ಲ ಕೊನೆಗಾಣಿಸುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಎನ್‌ಐಪಿಟಿ ಎಂದು ಅದರ ಹೆಸರು. ತಾಯಿಯ ರಕ್ತದಲ್ಲಿ ಮಗುವಿನ ಕಡೆಯ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಎಂದು ಡೆನಿಸ್ ಲೋ 1997ರಲ್ಲಿ ತೋರಿಸಿದರು. ಆ ತುಣುಕುಗಳು ಬರುವುದು ಮಾಸಿನಿಂದ. ಅವುಗಳಲ್ಲಿ 21ನೇ ತಂತುವಿನ ಪಾಲು ಹೆಚ್ಚಿದೆಯೇ ಎಂದು ನೋಡುವ ವ್ಯಾಪಾರಿ ಪರೀಕ್ಷೆ 2011ರಲ್ಲಿ ಬಂತು. ಹತ್ತನೇ ವಾರದಿಂದಲೇ ಮಾಡಿಸಬಹುದು, ಡೌನ್ ಭ್ರೂಣಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಹಿಡಿಯುತ್ತದೆ. ಬೆಲೆ ಡಬಲ್ ಮಾರ್ಕರಿನ ಹಲವು ಪಟ್ಟು. ಆದರೆ ಅದೇ ಹತ್ತು ಸಾವಿರ ಜನರ ಮೇಲೆ ಇದನ್ನೂ ಓಡಿಸಿ ನೋಡಿ. ಸಾವಿರಕ್ಕೊಂದು ತಪ್ಪು ಸುಳಿವು ಎಂದಿಟ್ಟುಕೊಂಡರೂ, ನಿಜವಾದ ಹತ್ತರ ಪಕ್ಕದಲ್ಲಿ ಸುಳ್ಳಿನ ಹತ್ತು ನಿಲ್ಲುತ್ತವೆ. ತೊಂಬತ್ತೊಂಬತ್ತು ಶೇಕಡಾ ಎಂದು ಹೊಗಳಿಸಿಕೊಂಡ ಪರೀಕ್ಷೆ ಎಳೆವಯಸ್ಸಿನವರಲ್ಲಿ "ಇದೆ" ಎಂದಾಗ ಅರ್ಧಕ್ಕರ್ಧ ತಪ್ಪಿರಬಹುದು. ಇದೂ ಜರಡಿಯೇ, ಕಣ್ಣು ಸಣ್ಣ ಅಷ್ಟೆ.

ಖಚಿತವಾಗಿ ಹೇಳುವುದು ಸೂಜಿಯ ಪರೀಕ್ಷೆ ಮಾತ್ರ. ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ ಮಾಸಿನ ಚೂರು ತೆಗೆಯುವುದು ಒಂದು ಬಗೆ. ಹದಿನೈದು ವಾರ ಕಳೆದ ಮೇಲೆ ಹೊಟ್ಟೆಯ ಮೂಲಕ ಸೂಜಿ ಇಳಿಸಿ ಮಗುವಿನ ಸುತ್ತಲ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್ ಇನ್ನೊಂದು. ಇದರಿಂದ ಗರ್ಭಪಾತವಾಗುವ ಅಪಾಯ ಪಳಗಿದ ಕೈಗಳಲ್ಲಿ ಇನ್ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಕಡಿಮೆ ಎಂಬುದು ಹೊರಗಿನವರ ಮಾತು. ಆರು ವರ್ಷ ಕಾದು ಬಸಿರಾದವಳು ಅದೇ ಸಂಖ್ಯೆಯನ್ನು ಬೇರೆ ರೀತಿ ಕೇಳಿಸಿಕೊಳ್ಳುತ್ತಾಳೆ, ಬೇಡ ಎಂದರೆ ಅದು ಅಜ್ಞಾನವಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ತೆರೇಸಾ ಮಾರ್ಟೋ ಈ ಬಗ್ಗೆ ಒಂದು ಅಳತೆಗೋಲನ್ನೇ ಮಾಡಿದ್ದಾರೆ. ತಿಳಿದು ಮಾಡಿದ ಆಯ್ಕೆ ಎನಿಸಬೇಕಾದರೆ ವಿಷಯ ಗೊತ್ತಿರಬೇಕು, ಮಾಡಿದ್ದು ತನ್ನ ಮನಸ್ಸಿಗೆ ಒಪ್ಪುವಂತಿರಬೇಕು. ಆ ಪ್ರಕಾರ ತಿಳಿದು ಬಿಟ್ಟವಳು ಪಾಸು, ತಿಳಿಯದೆ ಮಾಡಿಸಿದವಳು ಫೇಲು. ನಮ್ಮ ಕಡೆ ಎರಡನೆಯವಳಿಗೇ ಜಾಣೆ ಎಂಬ ಹೆಸರು.

ಆಯ್ಕೆ ಎಂಬುದು ಎಷ್ಟರಮಟ್ಟಿಗೆ ಕೇಳುವ ರೀತಿಯ ಮೇಲೆ ನಿಂತಿದೆ ಎಂದು ತಿಳಿಯಲು ಯುರೋಪಿನ ಎರಡು ದೇಶಗಳನ್ನು ನೋಡಿದರೆ ಸಾಕು. ಡೆನ್ಮಾರ್ಕ್ 2004ರಲ್ಲಿ ಎಲ್ಲ ಬಸುರಿಯರಿಗೂ ಈ ತಪಾಸಣೆಯನ್ನು ಉಚಿತವಾಗಿ ಕೊಡತೊಡಗಿತು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮಾಡಿಸಿದರು. ಆ ಕಡೆ ನೆದರ್ಲೆಂಡ್ಸ್‌ನಲ್ಲಿ ಇದರ ಬಗ್ಗೆ ಕೇಳಲು ಇಷ್ಟವಿದೆಯೇ ಎಂದು ಮೊದಲು ವಿಚಾರಿಸಿ, ಹಾಂ ಅಂದವರಿಗೆ ವಿವರಿಸಿ, ಹೆಚ್ಚಿನವರಿಂದ ದುಡ್ಡು ಪಡೆದು ಮಾಡುತ್ತಿದ್ದರು. ಅಲ್ಲಿ ಆ ವರ್ಷಗಳಲ್ಲಿ ಮಾಡಿಸಿದವರು ಮೂರರಲ್ಲಿ ಒಬ್ಬರ ಆಸುಪಾಸು. ವಿಜ್ಞಾನ ಒಂದೇ, ಶ್ರೀಮಂತಿಕೆಯೂ ಹೆಚ್ಚುಕಡಿಮೆ ಒಂದೇ.

ನಮ್ಮಲ್ಲಿ ಸ್ಕ್ಯಾನಿಂಗ್ ಕೋಣೆಯ ಮೇಲೆ ಇನ್ನೊಂದು ನೆರಳಿದೆ. 1994ರ ಕಾಯ್ದೆಯಂತೆ ಭ್ರೂಣದ ಲಿಂಗ ಹೇಳುವುದು ಅಪರಾಧ, ಪ್ರತಿ ಸ್ಕ್ಯಾನಿಗೂ ಫಾರಂ ತುಂಬಬೇಕು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಪ್ರಕರಣದಲ್ಲಿ, ಮಂಡ್ಯದ ಆಲೆಮನೆಯೊಂದರಲ್ಲಿ ಯಂತ್ರ ಇಟ್ಟು ಲಿಂಗ ಪತ್ತೆ ನಡೆಯುತ್ತಿತ್ತೆಂಬ ಆರೋಪ ಹೊರಬಂತು, ತನಿಖೆ ಮೈಸೂರಿನವರೆಗೂ ಹೋಯಿತು. ಹೀಗಿರುವಾಗ "ಮಗು ನೋಡಕ್ಕೆ ಸ್ಕ್ಯಾನು" ಎಂದರೆ ಊರಿನವರಿಗೆ ಹೊಳೆಯುವ ಮೊದಲ ಅರ್ಥ ಡೌನ್ ಅಲ್ಲ. ಡೆನಿಸ್ ಲೋ ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಗುರುತಿಸಿದ್ದೇ ವೈ ತಂತುವನ್ನು ಹುಡುಕಿ, ಅಂದರೆ ಗಂಡು ಭ್ರೂಣವನ್ನು ಕಂಡು. ಎನ್‌ಐಪಿಟಿ ಮಾಡುವ ಲ್ಯಾಬಿಗೆ ಲಿಂಗವೂ ಗೊತ್ತಾಗಬಲ್ಲದು. ಇಲ್ಲಿ ಅದನ್ನು ರಿಪೋರ್ಟಿನಲ್ಲಿ ಬರೆಯುವಂತಿಲ್ಲ.

ಖಚಿತವಾಯಿತು ಎನ್ನಿ, ಮುಂದೇನು? ತಿದ್ದುಪಡಿಯಾಗಿ 2021ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ, ಭ್ರೂಣಕ್ಕೆ ಗಂಭೀರ ತೊಂದರೆಯಿದ್ದರೆ ಇಪ್ಪತ್ತನಾಲ್ಕು ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭ ತೆಗೆಸಬಹುದು. ಅದು ದಾಟಿದರೆ ವೈದ್ಯಕೀಯ ಮಂಡಳಿ. ವಾರಗಳನ್ನು ಎಣಿಸಿ ನೋಡಿ: ಹದಿಮೂರರಲ್ಲಿ ರಿಪೋರ್ಟು, ಹದಿನಾರರಲ್ಲಿ ಸೂಜಿ, ಪೂರ್ತಿ ವರ್ಣತಂತು ಪರೀಕ್ಷೆಯ ಫಲಿತಾಂಶಕ್ಕೆ ಎರಡು ಮೂರು ವಾರ. ಆಗಲೇ ಹತ್ತೊಂಬತ್ತು, ಮಗು ಒದೆಯಲು ಶುರುಮಾಡಿರುತ್ತದೆ. ಹದಿನೆಂಟು ತುಂಬಿದ ಹೆಂಗಸಾದರೆ ಕಾನೂನು ಕೇಳುವುದು ಅವಳೊಬ್ಬಳ ಒಪ್ಪಿಗೆ. ಗಂಡನ ಸಹಿ ಬೇಕೆಂದು ಆಸ್ಪತ್ರೆಯವರು ಅನ್ನಬಹುದು, ಕಾಯ್ದೆ ಅನ್ನುವುದಿಲ್ಲ. ಮನೆಯೊಳಗೆ ನಡೆಯುವುದು ಬೇರೆ. ಹೆರಿಗೆಗೆ ತವರಿಗೆ ಹೋಗುವುದು ಏಳನೇ ತಿಂಗಳಾದ ಮೇಲೆ, ಈ ಮಾತುಕತೆ ನಡೆಯುವುದು ನಾಲ್ಕು ಐದನೇ ತಿಂಗಳಲ್ಲಿ, ಗಂಡನ ಮನೆಯಲ್ಲಿ. ತನ್ನ ತಾಯಿಯ ಜೊತೆ ಅವಳು ಮಾತಾಡುವುದು ಫೋನಿನಲ್ಲಿ, ಸಣ್ಣ ದನಿಯಲ್ಲಿ.

ಆಗ ಅವಳ ಕಣ್ಣಮುಂದೆ ಬರುವುದು 1:250 ಅಲ್ಲ. ತನ್ನ ಬೀದಿಯಲ್ಲಿ ಕಂಡ ಮಗು ಬರುತ್ತದೆ. ಆ ಮಗು ತಾಯಿಯ ಜೊತೆ ಜಾತ್ರೆಗೆ ಹೋಗಿ, ಎಲ್ಲರಿಗೂ ಕೈಮುಗಿದು ನಗುವುದನ್ನು ಕಂಡಿದ್ದರೆ ಒಂದು ತರಹ, ಬಾಗಿಲು ಹಾಕಿದ ಕೋಣೆಯಲ್ಲಿ ಕಂಡಿದ್ದರೆ ಇನ್ನೊಂದು ತರಹ. "ನಾವಿರೋಗಂಟ ಸರಿ, ಆಮೇಲೆ ಯಾರು ನೋಡ್ತಾರೆ?" ಎಂಬ ಮಾತು ಬರುತ್ತದೆ. ಅದನ್ನು ಕಲ್ಲು ಮನಸ್ಸು ಎನ್ನಲಾಗದು, "ದೇವ್ರು ಕೊಟ್ಟಿದ್ದು, ಸಾಕ್ತೀವಿ" ಎಂಬುದನ್ನು ಮೌಢ್ಯ ಎನ್ನಲೂ ಆಗದು. ಎರಡೂ ಹುಟ್ಟುವುದು ಕಂಡದ್ದರಿಂದ. ಆದ್ದರಿಂದಲೇ ಕಾಣಿಸುವುದೇನು ಎಂಬುದು ಮುಖ್ಯ.

ಡೌನ್ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ, ಅವುಗಳಲ್ಲಿ ಹೆಚ್ಚಿನವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಕಿವಿ, ಥೈರಾಯ್ಡ್ ಆಗಾಗ ನೋಡಿಸಬೇಕು. ನಡಿಗೆ ಎರಡನೇ ವರ್ಷದ ಹೊತ್ತಿಗೆ, ಮಾತು ಇನ್ನೂ ತಡವಾಗಿ. ಬುದ್ಧಿಯ ಬೆಳವಣಿಗೆ ಒಬ್ಬೊಬ್ಬರಲ್ಲಿ ಒಂದೊಂದು ತರಹ, ಎಷ್ಟು ಎಂಬುದನ್ನು ಗರ್ಭದಲ್ಲಿ ಯಾವ ಪರೀಕ್ಷೆಯೂ ಹೇಳಲಾರದು. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಇವರ ಸರಾಸರಿ ಆಯುಸ್ಸು ಇಪ್ಪತ್ತೈದರ ಸುತ್ತ ಇತ್ತು, ಈಗ ಅರವತ್ತರ ಸುತ್ತ. ವರ್ಣತಂತು ಬದಲಾಗಿಲ್ಲ, ಆರೈಕೆ ಬದಲಾಗಿದೆ. ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಜನರ ಬಾಯಲ್ಲಿ ಆಯಿಷ್. ಇಂಥ ಮಕ್ಕಳಿಗೆ ಎಳವೆಯಲ್ಲೇ ಕಿವಿ ಪರೀಕ್ಷೆ, ಮಾತಿನ ತರಬೇತಿ ಅಲ್ಲಿ ಸಿಗುತ್ತವೆ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಡಬಲ್ ಮಾರ್ಕರ್ ರಿಪೋರ್ಟಿನ ಯಾವ ಪುಟದಲ್ಲೂ ಇದು ಬರೆದಿರುವುದಿಲ್ಲ, ಕೇಳಿ ಪಡೆಯಬೇಕು.

ಇನ್ನೊಂದು ಹಾಳೆಯ ವಿಷಯ. ಮನೆಯಲ್ಲಿ ಆಗಲೇ ಒಂದು ಡೌನ್ ಮಗು ಇದ್ದರೆ, ಆ ಮಗುವಿನ ವರ್ಣತಂತು ಪರೀಕ್ಷೆಯನ್ನು ಒಮ್ಮೆ ಮಾಡಿಸಿಡಬೇಕು. ನೂರರಲ್ಲಿ ತೊಂಬತ್ತೈದು ಮಕ್ಕಳಲ್ಲಿ 21ನೇ ತಂತು ಬಿಡಿಯಾಗಿ ಮೂರಿರುತ್ತದೆ. ಹಾಗಿದ್ದರೆ ಎಳೆವಯಸ್ಸಿನ ತಾಯಿಗೆ ಮತ್ತೆ ಅಂಥದೇ ಆಗುವ ಸಾಧ್ಯತೆ ನೂರಕ್ಕೊಂದರ ಆಸುಪಾಸು. ಮೂರು ನಾಲ್ಕು ಮಕ್ಕಳಲ್ಲಿ ಹೆಚ್ಚುವರಿ ತಂತು ಇನ್ನೊಂದು ತಂತುವಿಗೆ ಅಂಟಿಕೊಂಡಿರುತ್ತದೆ. ಆ ಅಂಟು ತಾಯಿಯಲ್ಲೋ ತಂದೆಯಲ್ಲೋ ಯಾವ ತೊಂದರೆಯನ್ನೂ ತೋರದೆ ಅಡಗಿದ್ದು, ಅವರ ಒಡಹುಟ್ಟಿದವರಲ್ಲೂ ಇರಬಹುದು. ತಾಯಿಯಿಂದ ಬಂದಿದ್ದರೆ ಮುಂದಿನ ಬಸಿರಿನಲ್ಲಿ ಸಾಧ್ಯತೆ ನೂರಕ್ಕೆ ಹತ್ತನ್ನೂ ಮುಟ್ಟುತ್ತದೆ. ಹಾಗಾಗಿ ಆ ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಜೋಪಾನವಾಗಿ ಇಡಬೇಕು. ಮುಂದಿನ ಬಸಿರಿಗೂ, ಮಗುವಿನ ಚಿಕ್ಕಮ್ಮನ ಬಸಿರಿಗೂ ಡಾಕ್ಟರು ಮೊದಲು ಕೇಳುವುದು ಅದನ್ನೇ.